ಕರಾರಿನಲ್ಲಿ ಇಲ್ಲದ್ದು

ಮೀನುಗಾರರ ಸಂಘಕ್ಕೆ ಎಪ್ಪತ್ತೈದು ತುಂಬಿತೆಂದು
ಕಮಿಟಿ ಕೂತು ತೀರ್ಮಾನಿಸಿತು:
ಈ ಸಲ ಅಕಾರ್ಡಿಯನ್ ಬೇಡ, ಟೋರ್ಗೈರನ ಹಳೇ ಜೋಕು ಬೇಡ,
ಟೀವಿಯಲ್ಲಿ ಬಂದವರೊಬ್ಬರು ಬೇಕು.

ಓಸ್ಲೋದ ಏಜೆನ್ಸಿ ಪಟ್ಟಿ ಕಳಿಸಿತು, ದರಸಮೇತ.
ಹಾಸ್ಯಗಾರ ದುಬಾರಿ. ಅಡುಗೆ ಷೋದವನು ಮಾರ್ಚಿನಲ್ಲಿ ಸಿಗುವುದಿಲ್ಲ.
ಸ್ಕೀ ಪದಕದವಳು ವಾರ್ಡೊ ಎಲ್ಲಿದೆ ಎಂದು ಕೇಳಿ
ಮತ್ತೆ ಫೋನೆತ್ತಲಿಲ್ಲ.
ಉಳಿದವನು ಪರ್ವತಾರೋಹಿ ಐವಿನ್ ಸ್ಕಾರ್ಸ್ತಾದ್:
ಎಂಟು ಸಾವಿರ ಮೀಟರು, ಹಿಮಕ್ಕೆ ಕೊಟ್ಟ ಮೂರು ಕಾಲ್ಬೆರಳು,
ವಿಷಯ ‘ಧೈರ್ಯ’, ನಲವತ್ತು ನಿಮಿಷ,
ತೊಂಬತ್ತು ಸಾವಿರ ಕ್ರೋನ, ತೆರಿಗೆ ಬೇರೆ.

ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರೆ.
ನಮ್ಮದು ಮರವೇ ನಿಲ್ಲದ ದ್ವೀಪ, ಬೆಟ್ಟ ಎಲ್ಲಿಂದ ಬರಬೇಕು;
ಬಾಡಿಗೆಗೆ ತರಿಸಿಕೊಂಡೆವು.

ಲೆಕ್ಕ ಬರೆಯುವವಳು ನಾನು, ಕರಾರು ನನ್ನ ಕಪಾಟಿನಲ್ಲಿ:
ಉಗುರುಬೆಚ್ಚಗಿನ ನೀರು. ಎತ್ತರದ ಸ್ಟೂಲು.
ಫೋಟೊ ಹನ್ನೆರಡು, ಹದಿಮೂರಿಲ್ಲ.
ಊಟಕ್ಕೆ ಮೀನು ಬೇಡ.
ಮೀನು ಬೇಡ! ಇದನ್ನು ಅಡುಗೆಮನೆಗೆ ಹೇಳಲು
ನನಗೆ ಮೂರು ದಿನ ಹಿಡಿಯಿತು.

ಚೆನ್ನಾಗಿಯೇ ಮಾತಾಡಿದ, ಸುಳ್ಳೇಕೆ.
ಎಲ್ಲಿ ತಡೆಯಬೇಕೋ ಅಲ್ಲಿ ತಡೆದ,
ಎಲ್ಲಿ ಗಂಟಲು ಕಟ್ಟಬೇಕೋ ಅಲ್ಲಿ ಕಟ್ಟಿತು.
ಕೊನೆಗೆ ಎರಡೂ ಕೈ ಚಾಚಿ ಕೂಗಿದ:
‘ಪ್ರತಿಯೊಬ್ಬರಿಗೂ ಒಂದು ಶಿಖರವಿದೆ, ವಾಡ್ಸೊ!’

ವಾಡ್ಸೊ ಪಕ್ಕದ ಊರು.
ಅವರ ಫುಟ್ಬಾಲಿಗೆ ನಮ್ಮಜ್ಜಂದಿರೂ ಚಪ್ಪಾಳೆ ತಟ್ಟಿದವರಲ್ಲ.
ಇನ್ನೂರು ಜನ ಒಂದು ಗಳಿಗೆ ಉಸಿರು ಹಿಡಿದರು.
ಆಮೇಲೆ ಯಾರೋ ತಟ್ಟಿದರು, ಎಲ್ಲರೂ ತಟ್ಟಿದರು,
ಕೊಟ್ಟ ದುಡ್ಡಿಗೆ.

ಪ್ರಶ್ನೆಗಳಿವೆಯೇ ಅಂದಾಗ ಎದ್ದವಳು ಗೂದ್ವೈಗ್,
ಮೀನು ಸೀಳುವ ಯಂತ್ರದೆದುರು ಮೂವತ್ತು ವರ್ಷ:
‘ಬೆರಳು ಹೋದಾಗ ನಿಮಗೆ ಏನು ಹೊಳೆಯಿತು?’
‘ನಾನು ಯಾರು ಎಂಬುದು.’
ಅವಳು ತಲೆದೂಗಿ ಎಡಗೈ ಎತ್ತಿ ತೋರಿಸಿದಳು:
‘ನನಗೆ ಹೊಳೆದದ್ದು, ಕೈಗವಸಿನ ಆ ಎರಡು ಬೆರಳು
ಹೊಲಿದು ಮುಚ್ಚಬೇಕು ಅಂತ. ಇಲ್ಲದಿದ್ದರೆ ಗಾಳಿ ನುಗ್ಗುತ್ತೆ.’
ಎಲ್ಲರೂ ನಕ್ಕರು, ಅವನೂ. ಚೀಟಿಯಲ್ಲಿ ಬರೆದುಕೊಂಡ.
ಮುಂದಿನ ಊರಿನಲ್ಲಿ ಅದು ಅವನ ಮಾತಾಗುತ್ತದೆ, ಬಿಡಿ.

ರಾತ್ರಿ ವಿಮಾನಕ್ಕೆ ಬಿಡಲು ನನ್ನದೇ ಕಾರು.
ದ್ವೀಪದಿಂದ ಆಚೆ ದಡಕ್ಕೆ ಕಡಲಡಿಯ ಸುರಂಗ.
ಬರುವಾಗ ನಿದ್ದೆ ಹೋಗಿದ್ದ, ಅಥವಾ ಹಾಗೆ ತೋರಿಸಿಕೊಂಡಿದ್ದ.
ಈಗ ಇಳಿಜಾರು ಶುರುವಾದದ್ದೇ ಬಾಗಿಲ ಹಿಡಿಗೆ ಕೈ,
ಮುಚ್ಚಿದ ಕಣ್ಣು, ತುಟಿಯಲ್ಲಿ ಅದೇನೋ ಎಣಿಕೆ.
ಅಷ್ಟು ಮೇಲೆ ಹೋಗಿ ಬಂದವನು
ಇಷ್ಟು ಕೆಳಗೆ ಬೆವರುತ್ತಿದ್ದ.

ನಾನು ರೇಡಿಯೊ ಹಾಕಿದೆ.
ಸಿಗ್ನಲ್ಲಿಲ್ಲ, ಬರೀ ಗೊರಗೊರ.
ಆದರೂ ಆರಿಸಲಿಲ್ಲ.
ಎದುರು ಬೆಳಕು ಕಂಡಾಗ ‘ಬಂತು’ ಅಂದೆ,
ಆಸ್ಪತ್ರೆಯಲ್ಲಿ ಸೂಜಿ ತೆಗೆದ ನರ್ಸು ಹೇಳುವ ಹಾಗೆ.
ಅವನು ಕಣ್ಣು ತೆರೆದು ‘ಥ್ಯಾಂಕ್ಸ್’ ಅಂದ.
ಆ ದಿನ ಅವನು ಪುಕ್ಕಟೆ ಆಡಿದ ಮಾತು ಅದೊಂದೇ.

ಸೋಮವಾರ ಬೆಳಿಗ್ಗೆ ಆರಕ್ಕೆ ಮೇಸ್ತ್ರಿ
ಬೆಲ್ಟಿನ ಗುಂಡಿ ಒತ್ತಿ ಕೂಗಿದ:
‘ಏಳಿ ವಾಡ್ಸೊದವರೇ, ಶಿಖರ ಕಾಯ್ತಾ ಇದೆ!’
ಮೀನು ಬಂತು.

ಮಧ್ಯಾಹ್ನ ಬಿಲ್ಲು ಬಂತು. ಅದರಲ್ಲೂ ಊರ ಹೆಸರು ತಪ್ಪು.
ತಿದ್ದದೆ ಪಾವತಿ ಮಾಡಿದೆ.