ಬೈತಖೋಲದ ಇಳಿಜಾರು

ಹರಾಜು ಮುಗಿದು, ಧಕ್ಕೆ ತೊಳೆದ ಮೇಲೆ
ಇಳಿಜಾರು ಅವಳದು. ಸಂಜೆ ಐದೂವರೆಯಿಂದ ಆರೂಕಾಲು.
ಐಸ್ ಪ್ಲಾಂಟಿನ ಹಳೇ ತಳ್ಳುಗಾಡಿಗೆ
ಬೇರಿಂಗು ಕೂರಿಸಿ ಹಿಡಿಕೆ ಬೆಸೆದುಕೊಟ್ಟವನು ನಾನು.
ಹಿಮದ ನಾಡಿನಲ್ಲಿ ಇದಕ್ಕೆ ಚಕ್ರವಿಲ್ಲ,
ಎರಡು ಉಕ್ಕಿನ ಸರಳು, ಅಷ್ಟೆ, ಎಂದಳು ಸುಲಕ್ಷಾ.
ತಲೆ ಮುಂದೆ, ಹೊಟ್ಟೆ ಕೆಳಗೆ, ಗದ್ದ ನೆಲಕ್ಕೆ ನಾಲ್ಕೇ ಬೆರಳು.
"ಹೆಣವಾದರೂ ಅಂಗಾತ ಹೋಗ್ತದಲ್ಲೇ ಮಾರಾಯ್ತಿ!"
ಬಂಗುಡೆ ಬುಟ್ಟಿ ಇಳಿಸುತ್ತ ಅವಳ ದೊಡ್ಡಮ್ಮ.

ಮೊದಲ ಮೂವತ್ತು ಮೀಟರು ಕಾಲಿನದು,
ಉಳಿದದ್ದು ಇಳಿಜಾರಿನ ದಯೆ.
ಆ ಮೂವತ್ತನ್ನು ದಿನಾ ನೋಡುತ್ತೇನೆ,
ಕಂಪ್ರೆಸರಿನ ಎಣ್ಣೆ ನೋಡುವಷ್ಟು ಹತ್ತಿರದಿಂದ.
ಎಡಗೈ ಹಿಡಿಕೆಗೆ. ಬೆನ್ನು ಹಲಗೆ. ಸೊಂಟ ತಲೆಗಿಂತ ಮೇಲೆ.
ಮೊದಲ ಹೆಜ್ಜೆ ಓಟವಲ್ಲ, ಒದೆತ:
ಹಿಮ್ಮಡಿ ನೆಲಕ್ಕೆ ತಾಗದೆ
ಸೊಂಟದಿಂದ ಮಂಡಿಗೆ, ಮಂಡಿಯಿಂದ ಪಾದದ ಕೀಲಿಗೆ
ಬಲ ಕೈಬದಲಾಗುತ್ತ ಇಳಿಯಬೇಕು,
ದೋಣಿಯಿಂದ ಧಕ್ಕೆಗೆ ಬುಟ್ಟಿ ದಾಟಿಸಿದ ಹಾಗೆ;
ನಡುವೆ ಒಬ್ಬ ತಡವರಿಸಿದರೂ ಮೀನು ನೆಲದ ಪಾಲು.
ಕೈ ಭಾರ ಹಾಕಿದರೆ ಬೇರಿಂಗು ನರಳುತ್ತದೆ,
ನನಗೆ ಕೇಳುತ್ತದೆ.
ಕಿರುಹೆಜ್ಜೆ, ಕಿರುಹೆಜ್ಜೆ, ಆಮೇಲೆ ಉದ್ದ,
ಹದಿನಾರಕ್ಕೆ ಹಾರಿ ಮಲಗುವುದು.

ಅಲ್ಲೇ ಸೋಲು.
ಹಾರುವ ಮುಂಚೆ ಒಂದು ಚೂರು ನೆಟ್ಟಗಾಗುತ್ತಾಳೆ,
ದೇವರಿಗೆ ಹೇಳಿಬರುವವಳ ಹಾಗೆ;
ಧೊಪ್ಪನೆ ಬೀಳುತ್ತಾಳೆ, ಗಾಡಿ ಬೆಚ್ಚುತ್ತದೆ.
ಸೆಕೆಂಡಿನ ಹತ್ತರಲ್ಲಿ ಎರಡು ಪಾಲು ಸಮುದ್ರಕ್ಕೆ.
ಪುಣೆಯ ಕೋಚ್ ವಿಡಿಯೊ ಕಳಿಸಿದ, ಮೇಲೆ ಬಾಣದ ಗುರುತು, ಕೋನದ ಲೆಕ್ಕ.
ಕೋನ ಅವಳಿಗೆ ಅರ್ಥವಾಯಿತು. ಮೈಗೆ ಆಗಲಿಲ್ಲ.

ಆದಿತ್ಯವಾರ ಮಾಜಾಳಿಯ ಮರಳಿಗೆ ಕರೆದೊಯ್ದೆ.
ನನ್ನ ಸೋದರಮಾವ ಫೊಂಡು, ಅರವತ್ತೆರಡು,
ಪಾತಿ ದೋಣಿ ತಳ್ಳುತ್ತಿದ್ದ.
ಬಾಗಿದ ಬೆನ್ನು, ಅಂಚಿಗೆ ಒಂದು ಕೈ,
ಮೊಣಕಾಲ ನೀರು, ತೊಡೆ ನೀರು,
ತೆರೆ ಹಿಂದೆ ಸರಿಯುವ ಹೊತ್ತು...
ಓಟ ಎಲ್ಲಿ ಮುಗಿಯಿತು, ಎಲ್ಲಿ ಹತ್ತಿದ,
ನಾವಿಬ್ಬರೂ ಕಾಣಲಿಲ್ಲ.
ದೋಣಿಗೂ ಗೊತ್ತಾದಂತಿಲ್ಲ.
ಮರಳಿ ಬಂದಾಗ ಕೇಳಿದಳು, "ಯಾವಾಗ ಹಾರ್ತೀರಿ?"
"ಹಾರೂದೆಂತಕ್ಕೆ? ಅದು ಹೋಗ್ತದೆ,
ನಾ ಕೈ ಬಿಡೂದಿಲ್ಲ."

ಇವತ್ತು ಏಳನೆಯ ಸಲ
ಬೇರಿಂಗು ಸುಮ್ಮನಿತ್ತು.
ಹದಿನೈದೋ ಹದಿನಾರೋ, ಎಣಿಕೆ ತಪ್ಪಿತು ನನಗೆ;
ಕಾಲು ಇದ್ದಲ್ಲಿ ಕಾಲಿರಲಿಲ್ಲ,
ಗಾಡಿ ಗೆರೆ ದಾಟಿ, ಕಟ್ಟಿಟ್ಟ ಬಲೆಯ ರಾಶಿಗೆ ಹೊಕ್ಕಿತ್ತು.
ತರಚಿದ ಗದ್ದಕ್ಕೆ ಐಸಿನ ಚೂರು ಒತ್ತಿಕೊಂಡು
"ಎಷ್ಟು?" ಎಂದಳು.
ಗಡಿಯಾರ ನಿಲ್ಲಿಸಲು ಮರೆತಿದ್ದೆ, ಇನ್ನೂ ಓಡುತ್ತಿತ್ತು.
"ಇನ್ನೊಮ್ಮೆ," ಅಂದೆ.
ಆರೂಕಾಲು. ಐಸಿನ ಲಾರಿ
ಹಿಮ್ಮುಖವಾಗಿ ಇಳಿಜಾರಿಗೆ ಬರುತ್ತಿತ್ತು.