ಚೀಟಿಯ ಹಿಂಬದಿ

ನಾಳೆಯ ಪೂಜೆಗೆ ನಾಲ್ಕು ಬಿನ್ನಹ ಬರೆಯಬೇಕು.
ಕಾಗದ: ವೇಬ್ರಿಡ್ಜ್ ಚೀಟಿ, ಹಿಂಬದಿ.
ಮುಂಬದಿಯಲ್ಲಿ ಕಬ್ಬು, ಗಾಡಿ ನಂಬರು,
ತುಂಬಿದ ತೂಕ, ಖಾಲಿ ತೂಕ.

ಹನ್ನೊಂದು ವರ್ಷದಿಂದ ಇದು ನನ್ನ ಪಾಲಿನ ಸೇವೆ.
ಮೊದಲನೆಯದು ಧರ್ಮಸಭೆಗೆ, ಆಮೇಲೆ ಆಳುವವರಿಗೆ,
ಮೂರು ನೊಂದವರಿಗೆ, ನಾಲ್ಕು ತೀರಿಹೋದವರಿಗೆ.
‘ಸಣ್ಣದಾಗಿರಲಮ್ಮ’ ಅನ್ನುತ್ತಾರೆ ಇನ್ನಾಸ್ ಸ್ವಾಮಿ,
‘ದೇವರಿಗೂ ಹತ್ತೂವರೆಗೆ ಪಾಂಡವಪುರದಲ್ಲಿ
ಇನ್ನೊಂದು ಪೂಜೆ ಇದೆ.’

ಈ ಸಲ ಮೂರನೆಯದರಲ್ಲಿ ನಿಂತೆ.
ಆಲೆಮನೆಯಲ್ಲಿ ಕೊಪ್ಪರಿಗೆ ಇಳಿಸುವಾಗ
ಕೈ ಬೆಂದ ಹುಡುಗನೊಬ್ಬ
ನಮ್ಮ ಗೇಟಿನ ಮುಂದೆಯೇ ಆಟೋ ಹತ್ತಿದ್ದ,
ಮೊಣಕೈವರೆಗೆ ಪಾಕ ಅಂಟಿಸಿಕೊಂಡೇ.
ಬರೆದೆ: ಸಿಹಿಯೇ ಚರ್ಮ ಸುಲಿದ ಆ ತೋಳಿಗಾಗಿ,
ನಮ್ಮ ನಾಲಗೆಯ ಮೇಲೆ ಕರಗುವ ಅವನ ಉರಿಗಾಗಿ.
ಕರೆಂಟು ಹೋಯಿತು. ಬಂತು. ಮತ್ತೆ ಓದಿದೆ.
ಸುಳ್ಳೇಕೆ, ಎದೆ ಉಬ್ಬಿತು.

ಬೆಳಿಗ್ಗೆ ಸ್ವಾಮಿ ಕನ್ನಡಕ ಹಣೆಗೇರಿಸಿ
ಕೆಂಪು ಪೆನ್ನಿನಲ್ಲಿ ಎರಡೂ ಸಾಲು ಹೊಡೆದರು.
ಮೇಲೆ ಬರೆದರು: ರೋಗಿಗಳೆಲ್ಲರಿಗಾಗಿ.

ಮೈಕಿನ ಮುಂದೆ ಆ ಜಾಗ ಬಂತು.
ಓದಲಿಲ್ಲ. ದಾಟಲೂ ಆಗಲಿಲ್ಲ.
ಫ್ಯಾನಿನ ಸದ್ದು. ಚೌರಪ್ಪನ ಕೆಮ್ಮು.
ಮುಗಿಯಿತೆಂದುಕೊಂಡು ಹೆಂಗಸರ ಸಾಲಿನಿಂದ
ಜ್ಞಾನಮ್ಮ ದನಿ ಎತ್ತಿದಳು, ಮಿಕ್ಕವರು ಕೂಡಿಕೊಂಡರು:
ಪ್ರಭುವೇ, ನಮ್ಮ ಮೊರೆಯನ್ನು ಆಲಿಸು.
ನಾನಿನ್ನೂ ಏನನ್ನೂ ಕೇಳಿಯೇ ಇರಲಿಲ್ಲ.

ಪೂಜೆಯಾದ ಮೇಲೆ ಉಡುಪು ಮಡಿಸುತ್ತ ಸ್ವಾಮಿ,
ನನ್ನತ್ತ ನೋಡದೆ:
‘ಆ ಹುಡುಗನ ಹೆಸರೇನಮ್ಮ?
ಆಸ್ಪತ್ರೆಗೆ ಹೋಗಿ ಬರೋಣ ಅಂತಿದ್ದೆ.’

ಉಪಮೆ ಇತ್ತು ನನ್ನ ಹತ್ತಿರ.
ಹೆಸರಿರಲಿಲ್ಲ.

ಸೋಮವಾರ ಊಟದ ಬಿಡುವಿನಲ್ಲಿ ನಾನೇ ಹೋದೆ,
ಮಂಡ್ಯದ ದೊಡ್ಡಾಸ್ಪತ್ರೆ, ಮಹಡಿ ಮೇಲೆ, ಗೋಡೆ ಪಕ್ಕದ ಮಂಚ.
ಅವನಿಗೆ ಬರುತ್ತಿದ್ದ ಕನ್ನಡ ಮೂರು ಮಾತು:
ನೀರು, ಬೆಲ್ಲ, ಬೇಗ.
ಭೂರೇಲಾಲ್ ಅಂದನೋ ಭುರೆಲಾಲ್ ಅಂದನೋ,
ದೀರ್ಘ ಎಳೆಯಬೇಕಾದಲ್ಲಿ ಪೆನ್ನು ತಡವರಿಸಿತು.
ಬರೆದದ್ದನ್ನು ತಿರುಗಿಸಿ ತೋರಿಸಿದೆ.
ಓದು ಬಾರದು ಅವನಿಗೆ, ನಮ್ಮ ಲಿಪಿಯಂತೂ ಇಲ್ಲವೇ ಇಲ್ಲ.
ಆದರೂ ಬ್ಯಾಂಡೇಜಿಲ್ಲದ ಕೈಯಿಂದ
ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟ,
ಇನ್ನೂ ಬಿಸಿ ಇದೆಯೋ ಏನೋ
ಎಂದು ನೋಡುವವನ ಹಾಗೆ.