ಗೋಡೆ ಇದ್ದ ಜಾಗ

ಆಡಿಟ್‌ನವರು ಕೇಳಿದ್ದು ಒಂದೇ ಪ್ರಶ್ನೆ:
ಹನ್ನೊಂದು ದೇಶ ಬಂದು ಹೋದ ಮೇಲೆ
ದಾವಣಗೆರೆಯ ಗಿರಣಿ ಪಾರ್ಕಿನಲ್ಲಿ ಉಳಿದದ್ದೇನು?

ರಿಜಿಸ್ಟರ್ ನನ್ನ ಕೈಲಿತ್ತು. ಓದಿದೆ.
ಹಾಲೆಂಡಿನ ಟ್ಯುಲಿಪ್, ನಾಲ್ಕು ಸಾವಿರ ಗಡ್ಡೆ:
ಐಸ್ ಪೆಟ್ಟಿಗೆಯಲ್ಲಿ ಬಂದವು, ಹದಿನಾರು ದಿನ ಇದ್ದವು.
ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೊರಟಾಗ
ಅವನ್ನೂ ಕೈಹಿಡಿದು ಕರೆದುಕೊಂಡು ಹೋಯಿತು.
ಜಪಾನಿನ ಕಲ್ಲುದೀಪ, ಒಂದು: ಇದೆ.
ಒಳಗೆ ಕಾವಲಿನ ಓಬಳೇಶನ ಬೀಡಿ ಕಟ್ಟು, ಬೆಂಕಿಪೊಟ್ಟಣ,
ಮಳೆಗೆ ನೆನೆಯದಂತೆ.
ಮೊರಾಕ್ಕೊದ ಕಾರಂಜಿ: ಇದೆ,
ನಾಲೆಗೆ ನೀರು ಬಿಟ್ಟ ವಾರ ಮಾತ್ರ ಕೆಮ್ಮುತ್ತದೆ.
ಲ್ಯಾಟಿನ್ ಹೆಸರಿನ ಫಲಕಗಳನ್ನು ಬಿಸಿಲು ತಿಂದಿತು.
ಒಂದರ ಮೇಲೆ ಯಾರೋ ಇದ್ದಿಲಲ್ಲಿ ‘ಹೊಂಗೆ’ ಎಂದು ಬರೆದಿದ್ದಾರೆ.
ಅದು ಹೊಂಗೆಯೇ.

ಅವರು ಬರೆದುಕೊಂಡರು: ನಷ್ಟ, ನಷ್ಟ, ಭಾಗಶಃ.

ಒಂದು ಮಾತು ನಾನು ಹೇಳಲಿಲ್ಲ,
ಅದಕ್ಕೆ ಕಾಲಂ ಇರಲಿಲ್ಲ.

ಪ್ರದರ್ಶನದ ಲಾರಿಗಳು ಒಳಬರಲೆಂದು
ಪೂರ್ವದ ಕಾಂಪೌಂಡು ಕೆಡವಿದೆವು, ಎಪ್ಪತ್ತು ಅಡಿ,
ತಲೆಯ ಮೇಲೆ ಗಾಜಿನ ಚೂರು ನೆಟ್ಟಿದ್ದ ಗೋಡೆ.
ಮುಗಿದ ಮೇಲೆ ಕಟ್ಟಬೇಕಿತ್ತು.
ಕಡತ ಹೋಯಿತು, ಬಂತು, ಹೋಯಿತು.

ಅಷ್ಟರಲ್ಲಿ
ಮಂಡಕ್ಕಿ ಭಟ್ಟಿಯ ಹೆಂಗಸರು
ನಸುಕಿನ ಪಾಳಿ ಮುಗಿಸಿ, ರೆಪ್ಪೆಯ ಮೇಲೆ ಬೂದಿ,
ಸುತ್ತುಹಾಕುವ ಬದಲು ಅಲ್ಲಿಂದಲೇ ದಾಟತೊಡಗಿದರು.
ಮೊದಲು ದಾಟಿದರು. ಆಮೇಲೆ ನಿಂತರು.
ಒಂದು ದಿನ ಮಕ್ತುಂಬಿ ಕೂತೇಬಿಟ್ಟಳು.
‘ಎಂಟಾಣೆ ಟಿಕೀಟಿನ ಕಾಲದಿಂದ ಹೊರಗ ನಡದೀನಿ,
ಒಳಗ ಇಷ್ಟು ನೆಳ್ಳೈತಿ ಅಂತ ಗೊತ್ತಿರಲಿಲ್ಲ ನೋಡ್ರಿ.’
ಮಾರನೆಯ ದಿನ ಒಂದು ಚೀಲ ಭಟ್ಟಿ ಬೂದಿ ಹೊತ್ತು ತಂದಳು.
ಟ್ಯುಲಿಪ್ ಸತ್ತ ಮಡಿಯಲ್ಲಿ ಈಗ ಮದರಂಗಿ.
‘ಕೀಳಬಾರದು’ ಎಂಬ ಬೋರ್ಡು ಅದರ ಹಿಂದೆ ಎಲ್ಲೋ ಇದೆ.

ಮುಂದಿನ ವರ್ಷ ಬೇರೆ ವಾರ್ಡಿನವರು ಅರ್ಜಿ ಹಿಡಿದು ಬಂದರು:
ಪ್ರದರ್ಶನ ಬೇಡ,
ನಮ್ಮ ಪಾರ್ಕಿನ ಗೋಡೆಯನ್ನೂ ಕೆಡವಿ ಕೊಡಿ.
ಕಡತ ಹೋಯಿತು, ಬಂತು. ಕೆಲವರು ಕಾಯಲಿಲ್ಲ.
ಮೂರು ಪಾರ್ಕಿನ ಬೀಗದ ಕೈ
ನನ್ನ ಡ್ರಾಯರಿನಲ್ಲಿ ತುಕ್ಕು ಹಿಡಿಯುತ್ತಿವೆ.
ಯಾರೂ ವಾಪಸು ಕೇಳಿಲ್ಲ.

ಸಹಿ ಹಾಕಿ ಆಡಿಟ್‌ನವರು ಎದ್ದರು.
ಗೇಟಿನ ಕಡೆ ಹೋಗಲಿಲ್ಲ.
‘ಈ ಕಡೆ ಹತ್ತಿರ ಆಗುತ್ತಲ್ಲ’ ಎನ್ನುತ್ತ ತಿರುಗಿದರು.
ಹಳೆಯ ಗಾಜು ಇನ್ನೂ ಮಣ್ಣಿನಿಂದ ಏಳುತ್ತಿರುತ್ತದೆ,
ಚುಚ್ಚೀತೆಂದು
ನಾನು ಮುಂದೆ, ನೆಲ ನೋಡಿಕೊಂಡು ನಡೆದೆ.